ಟ್ರೌಟ್ ಹೊಳೆ: ಕ್ಲಬ್ಬಿನವರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಹಿಡಿಯುವ ವಿಷಯ ಕಡಿಮೆ, ಉಳಿಸುವ ವಿಷಯವೇ ಹೆಚ್ಚು. ಗಾಳದ ಕ್ಲಬ್ಬುಗಳು ರಜೆಯ ದಿನ ಹೊಳೆಗಿಳಿದು ಮಾಡುವ ಕೆಲಸಗಳ ಬಗ್ಗೆ ಕೇಳಿದ್ದಾರೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ, ಪ್ರತಿ ಉತ್ತರದಲ್ಲೂ ಅದನ್ನೇ ಬರೆಯುವುದು ಬೇಡ: ಕಲ್ಲು, ಮರ, ಮೀನು, ಯಾವುದನ್ನೇ ಹೊಳೆಯೊಳಗೆ ಇಡುವ ಮುಂಚೆ ದಡದ ಜಮೀನಿನವರ ಒಪ್ಪಿಗೆ ಮತ್ತು ಸಂಬಂಧಪಟ್ಟ ಇಲಾಖೆಯ ಅನುಮತಿ, ಎರಡೂ ಕಾಗದದ ಮೇಲೆ ಇರಬೇಕು.

ಪ್ರಶ್ನೆ: ನಮ್ಮ ಕ್ಲಬ್ಬು ಪ್ರತಿವರ್ಷ ಸಾಕಣೆ ಕೇಂದ್ರದಿಂದ ಟ್ರೌಟ್ ಮರಿ ತಂದು ಹೊಳೆಗೆ ಬಿಡುತ್ತದೆ. ಖರ್ಚು ಏರುತ್ತಲೇ ಇದೆ, ಮೀನು ಮಾತ್ರ ಹೆಚ್ಚಾಗಿಲ್ಲ. ಬಿಟ್ಟ ಮರಿಗಳೆಲ್ಲ ಎಲ್ಲಿಗೆ ಹೋಗುತ್ತವೆ? (ಒಬ್ಬ ಖಜಾಂಚಿ)

ಬಹುಪಾಲು ಸಾಯುತ್ತವೆ. ಟ್ರೌಟ್ ಜಾಗಕ್ಕಾಗಿ ಕಾದಾಡುವ ಮೀನು. ಸೆಳವು ತಪ್ಪಿಸಿಕೊಂಡು ನಿಲ್ಲಲು ಒಂದು ಕಲ್ಲಿನ ಮರೆ, ಮೇಲಿನಿಂದ ತೇಲಿಬರುವ ಆಹಾರ, ಅಪಾಯ ಬಂದರೆ ನುಗ್ಗಲು ಒಂದು ಪೊಟರೆ, ಇಷ್ಟು ಸೇರಿದರೆ ಒಂದು ಮೀನಿನ ಮನೆ. ಹೊಳೆಯಲ್ಲಿ ಇಂಥ ಮನೆಗಳು ಎಷ್ಟಿವೆಯೋ ಅಷ್ಟೇ ಮೀನು ನಿಲ್ಲುತ್ತವೆ. ತೊಟ್ಟಿಯಲ್ಲಿ ಹಿಂಡಾಗಿ ಬೆಳೆದ ಮರಿಗೆ ಮನೆ ಹುಡುಕುವುದೂ ಗೊತ್ತಿಲ್ಲ, ಕೊಕ್ಕರೆ ಬಂದಾಗ ಅಡಗುವುದೂ ಗೊತ್ತಿಲ್ಲ. ಅದು ಸಾಯುವ ಮೊದಲು ಆ ಹೊಳೆಯಲ್ಲೇ ಹುಟ್ಟಿ ಬೆಳೆದ ಹುಟ್ಟುಮೀನನ್ನು ತಳ್ಳಾಡಿ ಸುಸ್ತು ಮಾಡಿರುತ್ತದೆ. ದುಡ್ಡು ಕೊಟ್ಟು ಇದ್ದ ಮೀನನ್ನೂ ಕಳೆದುಕೊಂಡ ಹಾಗೆ.

ಇದು ಅಂದಾಜಿನ ಮಾತಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಯಲ್ಲಿ ಮರಿ ಬಿಡುವುದನ್ನು ನಿಲ್ಲಿಸಿ ಎಣಿಸಿದಾಗ ಹುಟ್ಟು ಟ್ರೌಟ್ ಹೆಚ್ಚಾದವು. ಅಲ್ಲಿಯ ತನಕ ಮರಿ ಬಿಡದಿದ್ದ ಓಡೆಲ್ ಕ್ರೀಕ್ ಎಂಬ ಪಕ್ಕದ ತೊರೆಗೆ ಬೇಕೆಂದೇ ಬಿಟ್ಟು ನೋಡಿದಾಗ ಅಲ್ಲಿ ಕಡಿಮೆಯಾದವು. 1974ರಲ್ಲಿ ಆ ರಾಜ್ಯ, ಟ್ರೌಟ್ ತಾನಾಗಿ ಮರಿಮಾಡುವ ನದಿಗಳಿಗೆ ಮರಿ ಬಿಡುವುದನ್ನೇ ಕೈಬಿಟ್ಟಿತು. 1959ರಲ್ಲಿ ಮಿಶಿಗನ್‌ನ ಓ ಸೇಬಲ್ ನದಿಯ ದಡದಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಹುಟ್ಟಿದ್ದಕ್ಕೂ, ಸಾಕಿದ ಮೀನು ಸುರಿಯುವ ಪದ್ಧತಿಯ ಮೇಲಿನ ಬೇಸರ ಒಂದು ಕಾರಣ. ಮೊಟ್ಟೆಯಿಡಲು ತೊರೆಯೇ ಇಲ್ಲದ ಕೆರೆಗೆ ಸಂತಾನಶಕ್ತಿ ಇಲ್ಲದ ಟ್ರಿಪ್ಲಾಯ್ಡ್ ಮೀನು ಬಿಡುವುದು ಬೇರೆ ಲೆಕ್ಕ, ಅದಕ್ಕೆ ನಮ್ಮ ತಕರಾರಿಲ್ಲ.

ಮುಂದಿನ ವರ್ಷ ಮರಿ ತರುವ ದುಡ್ಡನ್ನು ತಡೆದಿಟ್ಟು, ಟ್ರೌಟಿನ ಬದುಕು ಯಾವ ಹಂತದಲ್ಲಿ ಎಡವುತ್ತಿದೆ ಎಂದು ಹುಡುಕಿ. ಬೆರಳುದ್ದದ ಮರಿ ದಡದಂಚಿನಲ್ಲಿ ಬೇಕಾದಷ್ಟಿದ್ದು ಗೇಣುದ್ದದವು ಕಾಣದಿದ್ದರೆ ಮರೆ ಸಾಲದು. ದೊಡ್ಡವು ಇದ್ದು ಮರಿಯೇ ಇಲ್ಲದಿದ್ದರೆ ಮೊಟ್ಟೆಯಿಡುವ ಕಲ್ಲುಹಾಸು ಕೆಟ್ಟಿದೆ, ಇಲ್ಲವೇ ಅಲ್ಲಿಗೆ ಹೋಗುವ ದಾರಿ ಮುಚ್ಚಿದೆ. ಎಲ್ಲ ಗಾತ್ರದವೂ ವಸಂತದಲ್ಲಿದ್ದು ಬೇಸಿಗೆ ಕಳೆಯುವಷ್ಟರಲ್ಲಿ ಮಾಯವಾದರೆ ನೀರು ಬಿಸಿಯಾಗುತ್ತಿದೆ ಅಥವಾ ಬತ್ತುತ್ತಿದೆ. ಗಂಟೆಗೊಮ್ಮೆ ಉಷ್ಣಾಂಶ ಬರೆದಿಟ್ಟುಕೊಳ್ಳುವ ಲಾಗರ್ ಒಂದನ್ನು ನೆರಳಿರುವ ಮಡುವಿನ ತಳದಲ್ಲಿ ಕಲ್ಲಿಗೆ ಕಟ್ಟಿ ಒಂದು ಬೇಸಿಗೆ ಬಿಡಿ. ಬಿಸಿಲು ನೇರವಾಗಿ ಬೀಳುವಲ್ಲಿ ಕಟ್ಟಿದರೆ ಅದು ಬಿಸಿಲನ್ನು ಅಳೆಯುತ್ತದೆ, ನೀರನ್ನಲ್ಲ.

ಪ್ರಶ್ನೆ: ಟ್ರೌಟ್ ಮೊಟ್ಟೆಯಿಡಲೆಂದು ಹೊಳೆಗೆ ಕಲ್ಲು ಸುರಿಯಬೇಕೆಂದಿದ್ದೇವೆ. ಎಂಥ ಕಲ್ಲು, ಎಷ್ಟು, ಯಾವಾಗ?

ಮೊದಲು ಇರುವ ಕಲ್ಲುಹಾಸನ್ನು ಹಿಮ್ಮಡಿಯಿಂದ ಒಮ್ಮೆ ಒದ್ದು ನೋಡಿ. ಕಾಲು ಸಲೀಸಾಗಿ ಒಳಹೋಗಿ ನೀರು ಸ್ವಲ್ಪವೇ ಕದಡಿದರೆ ಹಾಸು ಚೆನ್ನಾಗಿದೆ, ಮುಟ್ಟಬೇಡಿ. ಕಂದು ಮೋಡದಂತೆ ಹೂಳೆದ್ದರೆ ಕಲ್ಲಿನ ಸಂದುಗಳು ಕಟ್ಟಿಕೊಂಡಿವೆ. ಸಿಮೆಂಟಿನ ನೆಲವನ್ನು ಒದ್ದಂತಾದರೆ ಗಟ್ಟಿಯಾಗಿ ಕೂತಿದೆ. ಕೊನೆಯ ಎರಡಕ್ಕೂ ಹೊಸ ಕಲ್ಲು ತರುವುದಕ್ಕಿಂತ, ಹಾರೆ ಮತ್ತು ಉದ್ದ ಹಲ್ಲಿನ ಕುಂಟೆಯಿಂದ ಹಾಸನ್ನು ಸಡಿಲಿಸುವುದು ಮೊದಲ ಕೆಲಸ. ಮೇಲಿನಿಂದ ಕೆಳಕ್ಕೆ ಬನ್ನಿ. ಕೆಳಗಿನಿಂದ ಶುರುಮಾಡಿದರೆ ಮೇಲೆ ಎಬ್ಬಿಸಿದ ಹೂಳು ಆಗಷ್ಟೇ ತೊಳೆದ ಜಾಗದಲ್ಲೇ ಕೂರುತ್ತದೆ. ಒಂದೇ ದಿನ ಉದ್ದಕ್ಕೂ ಕೆದಕಿದರೆ ಕೆಳಹೊಳೆ ಉಸಿರುಗಟ್ಟುತ್ತದೆ, ಆದ್ದರಿಂದ ತುಂಡುತುಂಡಾಗಿ, ದಿನ ಬಿಟ್ಟು ಮಾಡಿ.

ಹೊಸದಾಗಿ ಹಾಕಲೇಬೇಕೆಂದರೆ ಕ್ವಾರಿಯ ಜಲ್ಲಿ ಬೇಡ. ಅದರ ಚೂಪು ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಮೀನು ಬಾಲದಿಂದ ಬಡಿದರೆ ಅಲುಗಾಡುವುದಿಲ್ಲ. ಉರುಟಾದ ಹೊಳೆಗಲ್ಲು ಬೇಕು, 10ರಿಂದ 50 ಮಿ.ಮೀ. ಗಾತ್ರದ್ದು, ಮಿಶ್ರವಾಗಿ, ಚೆನ್ನಾಗಿ ತೊಳೆದದ್ದು. ಸರಾಸರಿ ಕಲ್ಲಿನ ಅಡ್ಡಳತೆ ಮೀನಿನ ಉದ್ದದ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ಒಳ್ಳೆಯ ಅಳತೆಗೋಲು: 30 ಸೆಂ.ಮೀ. ಟ್ರೌಟ್ ಇರುವ ಹೊಳೆಗೆ 30 ಮಿ.ಮೀ. ಕಲ್ಲು.

ಹಾಸು 30 ಸೆಂ.ಮೀ. ದಪ್ಪ ಇರಲಿ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಒಂದು ಹಾಸಿಗೆ 1.8 ಘನಮೀಟರ್, ಅಂದರೆ ಸುಮಾರು ಮೂರು ಟನ್ ಕಲ್ಲು. 15 ಕೆ.ಜಿ. ತುಂಬಿದ ಬಕೆಟ್‌ನಲ್ಲಿ 200 ಸಲ ಹೊರಬೇಕು. ಐದೇ ಜನ ಬಂದ ಭಾನುವಾರ ಈ ಕೆಲಸಕ್ಕೆ ಕೈಹಾಕಬೇಡಿ.

ಜಾಗ: ಮಡು ಮುಗಿದು ನೀರು ತೆಳುವಾಗುತ್ತಾ ಓಟ ಹಿಡಿಯುವ ಅಂಚು. ಅಲ್ಲಿ ನೀರು ಕಲ್ಲಿನ ಮೇಲಷ್ಟೇ ಅಲ್ಲ, ಕಲ್ಲಿನೊಳಗೂ ಹಾಯುತ್ತದೆ. ಹೆಣ್ಣು ಟ್ರೌಟ್ ಹುಡುಕುವುದು ಅದನ್ನೇ. ಮಡುವಿನ ನಡುವೆ ಸುರಿದ ಕಲ್ಲು ಒಂದೇ ಮಳೆಗಾಲದಲ್ಲಿ ಹೂಳಿನಡಿ ಸೇರುತ್ತದೆ.

ಕಾಲದ ಲೆಕ್ಕ ತಪ್ಪಿಸಿಕೊಳ್ಳುವವರೇ ಹೆಚ್ಚು. ಬ್ರೌನ್ ಟ್ರೌಟ್ ಶರತ್ಕಾಲದಿಂದ ಚಳಿಗಾಲದ ಆರಂಭದವರೆಗೆ ಮೊಟ್ಟೆಯಿಡುತ್ತದೆ, ರೇನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ. ಬ್ರೌನ್ ಟ್ರೌಟಿನ ಮೊಟ್ಟೆ ಒಡೆಯಲು ಸುಮಾರು 400ರಿಂದ 450 ದಿನ-ಡಿಗ್ರಿ ಬೇಕು. ದಿನದ ಸರಾಸರಿ ಉಷ್ಣಾಂಶವನ್ನು ದಿನದಿನವೂ ಕೂಡಿಸುತ್ತಾ ಹೋಗುವುದೇ ಈ ಲೆಕ್ಕ. ನೀರು 5 ಡಿಗ್ರಿ ಇದ್ದರೆ 80ರಿಂದ 90 ದಿನ. ಅಲ್ಲಿಗೆ ಮುಗಿಯಲಿಲ್ಲ: ಒಡೆದ ಮರಿ ಹೊಟ್ಟೆಗಂಟಿದ ಹಳದಿ ಚೀಲವನ್ನು ಕರಗಿಸಿಕೊಳ್ಳುತ್ತಾ ಇನ್ನೂ ಹಲವು ವಾರ ಕಲ್ಲಿನೊಳಗೇ ಇರುತ್ತದೆ. ಮರಿ ಹೊರಬಂದ ಮೇಲೆ, ಮುಂದಿನ ಮೊಟ್ಟೆಗಾಲಕ್ಕೆ ಮುಂಚೆ, ಆ ನಡುವಿನ ಬೇಸಿಗೆಯಷ್ಟೇ ನಿಮ್ಮದು.

ಮೊಟ್ಟೆಗಾಲದಲ್ಲಿ ಗೂಡು ಎಣಿಸಲು ಹೋಗುವವರಿಗೆ ಒಂದು ಎಚ್ಚರಿಕೆ. ಪಾಚಿ ಹಿಡಿದ ಕಂದು ಹಾಸಿನ ನಡುವೆ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ತೇಪೆಯೇ ಗೂಡು. ಮೇಲುಗಡೆ ಒಂದು ತಗ್ಗು, ಅದರ ಕೆಳಗೆ ಒಂದು ದಿಬ್ಬ. ತಗ್ಗು ನೋಡಿ ಮೊಟ್ಟೆ ಅದರಲ್ಲಿದೆ ಎಂದುಕೊಂಡು, ನೀರು ತೆಳುವಾಗಿರುವ ದಿಬ್ಬದ ಮೇಲೆ ಕಾಲಿಟ್ಟು ದಾಟುತ್ತಾರೆ. ಮೊಟ್ಟೆ ಇರುವುದು ಆ ದಿಬ್ಬದೊಳಗೆ! ದಡದಲ್ಲೇ ನಡೆಯಿರಿ, ಪೋಲರಾಯ್ಡ್ ಕನ್ನಡಕ ಹಾಕಿ, ನಕ್ಷೆಯಲ್ಲಿ ಗುರುತು ಮಾಡಿ.

ಇನ್ನು, ಹೂಳು ಎಲ್ಲಿಂದ ಬರುತ್ತಿದೆ ಎಂದು ಮಳೆ ಸುರಿಯುವಾಗಲೇ ನಡೆದು ನೋಡಬೇಕು. ದನ ಇಳಿದು ಕಲಸಿದ ದಡ, ಇಳಿಜಾರಿನ ಉಕ್ಕೆ ಹೊಲ, ರಸ್ತೆಯ ಚರಂಡಿ, ಈ ಮೂರರಲ್ಲೊಂದು ಇದ್ದೇ ಇರುತ್ತದೆ. ಅದನ್ನು ತಡೆಯದೆ ಕಲ್ಲು ತೊಳೆಯುವುದು ಸೋರುವ ಮಾಡಿನಡಿ ನೆಲ ಒರೆಸಿದ ಹಾಗೆ.

ಪ್ರಶ್ನೆ: ದಡಕ್ಕೆ ತಾಗಿಸಿ ಒಂದು ದಿಮ್ಮಿ ಕೂರಿಸಿದೆವು. ಮಡು ಆಗಲೆಂದು ಮಾಡಿದ್ದು, ದಡವೇ ಕೊರೆದುಹೋಯಿತು. ಎಲ್ಲಿ ತಪ್ಪಿತು?

ದಿಮ್ಮಿಯ ತುದಿ ಕೆಳಹೊಳೆಯ ಕಡೆಗೆ ಮುಖ ಮಾಡಿತ್ತೇ? ಹೌದಾದರೆ ತಪ್ಪಿದ್ದು ಅಲ್ಲೇ. ನೋಡುವುದಕ್ಕೆ ಅದೇ ಸರಿ ಅನ್ನಿಸುತ್ತದೆ, ನೀರು ದಿಮ್ಮಿಯ ಗುಂಟ ಜಾರಿ ನಡುಹೊಳೆಗೆ ಹೋಗುತ್ತದೆ ಎಂದು. ನೀರು ಕಡಿಮೆ ಇದ್ದಾಗ ಹಾಗೇ ಆಗುತ್ತದೆ. ಆದರೆ ಹೊಳೆ ಏರಿ ದಿಮ್ಮಿಯನ್ನು ಮುಳುಗಿಸಿದಾಗ, ಅದರ ಮೇಲಿಂದ ಧುಮುಕುವ ನೀರು ದಿಮ್ಮಿಗೆ ಲಂಬವಾಗಿ ಹೊರಡುತ್ತದೆ. ಕೆಳಮುಖದ ದಿಮ್ಮಿಗೆ ಲಂಬ ಎಂದರೆ ನೇರವಾಗಿ ದಡಕ್ಕೆ. ಹೊಳೆಯ ರೂಪ ಬದಲಾಗುವುದು ನೆರೆಯಲ್ಲಿ, ಹಾಗಾಗಿ ನೆರೆನೀರಿನ ದಾರಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ದಿಮ್ಮಿಯ ತುದಿ ಮೇಲುಹೊಳೆಗೆ ಮುಖ ಮಾಡಿ, ದಡಕ್ಕೆ 30ರಿಂದ 45 ಡಿಗ್ರಿ ಓರೆಯಲ್ಲಿ ಇರಲಿ. ಉದ್ದದಲ್ಲಿ ಮೂರನೇ ಒಂದು ಭಾಗ ದಡದೊಳಗೆ ಹುಗಿದಿರಲಿ. ನೀರಿಗೆ ಚಾಚಿದ ಭಾಗ ಹೊಳೆಯಗಲದ ಮೂರನೇ ಒಂದನ್ನು ಮೀರದಿರಲಿ. ಮೀಟರಿಗೂ ಮಿಕ್ಕ ಉದ್ದದ ಗೂಟಗಳನ್ನು ಎರಡೂ ಬದಿಗೆ ಬಡಿದು ತಂತಿಯಿಂದ ಬಿಗಿಯಿರಿ. ಒಂದೇ ಬದಿಗೆ ಬಡಿದರೆ ನೆರೆಯಲ್ಲಿ ದಿಮ್ಮಿ ತೇಲಿ ಕಳಚಿಕೊಳ್ಳುತ್ತದೆ. ಎತ್ತರ ಬೇಸಿಗೆಯ ನೀರಿನ ಮಟ್ಟಕ್ಕಿಂತ ಹೆಚ್ಚು ಬೇಡ. ಎತ್ತರವಾದರೆ ಅದು ಒಡ್ಡಾಗುತ್ತದೆ, ಮೇಲುಗಡೆ ಹೂಳು ನಿಲ್ಲುತ್ತದೆ.

ಪ್ರಶ್ನೆ: ಶಾಲೆಯ ಮಕ್ಕಳನ್ನು ಕರೆದುಕೊಂಡು ಹೊಳೆಯ ಹುಳು ಎಣಿಸುವ ಕಾರ್ಯಕ್ರಮ ಮಾಡಬೇಕು. ಅದರಿಂದ ನಿಜಕ್ಕೂ ಏನಾದರೂ ಉಪಯೋಗ ಉಂಟೇ, ಅಥವಾ ಫೋಟೋಕ್ಕಷ್ಟೆಯೇ?

ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ರೀತಿ ಮಾಡಿದರೆ ಉಪಯೋಗ ಇದೆ. ವರ್ಷಕ್ಕೊಂದು ಸಲ ಮಾಡಿದರೆ ಫೋಟೋಕ್ಕಷ್ಟೆ.

ನೀರಿನ ಮಾದರಿ ತೆಗೆದರೆ ಆ ಕ್ಷಣದ ನೀರು ಮಾತ್ರ ಗೊತ್ತಾಗುತ್ತದೆ. ರಾತ್ರಿ ಯಾರೋ ಬಿಟ್ಟ ವಿಷ ಬೆಳಗಾಗುವಷ್ಟರಲ್ಲಿ ಹರಿದುಹೋಗಿರುತ್ತದೆ. ಕಲ್ಲಿನಡಿಯ ಹುಳುಗಳಿಗೆ ಹರಿದುಹೋಗಲು ಆಗುವುದಿಲ್ಲ, ಅವು ತಿಂಗಳುಗಟ್ಟಲೆ ಅಲ್ಲೇ ಬದುಕಿದ ಸಾಕ್ಷಿಗಳು. 2013ರಲ್ಲಿ ಇಂಗ್ಲೆಂಡಿನ ಕೆನೆಟ್ ನದಿಯಲ್ಲಿ ಕ್ಲೋರ್‌ಪೈರಿಫಾಸ್ ಕೀಟನಾಶಕ ಸೇರಿ ಮೈಲುಗಟ್ಟಲೆ ಹುಳು ಸತ್ತದ್ದು ಹೊರಬಿದ್ದದ್ದು ಹೀಗೆ ಎಣಿಸುತ್ತಿದ್ದ ಸ್ವಯಂಸೇವಕರಿಂದಲೇ.

ಬ್ರಿಟನ್ನಿನ ಗಾಳಗಾರರು ಅನುಸರಿಸುವ ರೀತಿ ಸರಳವಾಗಿದೆ. ಒಂದು ಮಿ.ಮೀ. ಕಣ್ಣಿನ, ಚೌಕಟ್ಟಿರುವ ಕೈಬಲೆಯನ್ನು ಕೆಳಹೊಳೆಯ ಕಡೆ ತಳಕ್ಕೆ ಒತ್ತಿ ಹಿಡಿದು, ಅದರ ಮುಂದೆ ಕಾಲಿನಿಂದ ಕಲ್ಲು ಕೆದಕುತ್ತಾ ಹೋಗಬೇಕು, ಒಟ್ಟು ಮೂರು ನಿಮಿಷ. ಓಡುನೀರು, ನಿಧಾನದ ನೀರು, ಗಿಡದ ಬುಡ, ಹೀಗೆ ಆ ಮೂರು ನಿಮಿಷವನ್ನು ಹಂಚಿಕೊಳ್ಳಿ. ಆಮೇಲೆ ಒಂದು ನಿಮಿಷ ದೊಡ್ಡ ಕಲ್ಲುಗಳನ್ನು ಕೈಯಲ್ಲೆತ್ತಿ, ಅಂಟಿಕೊಂಡ ಹುಳುಗಳನ್ನು ಬಲೆಗೆ ತೊಳೆಯಬೇಕು. ಎಲ್ಲವನ್ನೂ ಒಂದಿಂಚು ನೀರಿರುವ ಬಿಳಿ ಟ್ರೇಗೆ ಮಗುಚಿ. ಮೊದಮೊದಲು ಕಸವಷ್ಟೇ ಕಾಣುತ್ತದೆ. ಅಲುಗಾಡಿಸದೆ ಎರಡು ನಿಮಿಷ ಬಿಟ್ಟರೆ ಕಸವೇ ನಡೆಯತೊಡಗುತ್ತದೆ. ಮರಳಿನ ಕೊಳವೆಯೊಂದು ಆರು ಕಾಲು ಹೊರಚಾಚಿ ತೆವಳುತ್ತದೆ, ಅದು ಕ್ಯಾಡಿಸ್ ಎಂಬ ಹಾರುಕೀಟದ ಮರಿಹುಳು. ಬಾಲ ಎರಡಿದ್ದರೆ ಸ್ಟೋನ್‌ಫ್ಲೈ, ಮೂರಿದ್ದರೆ ಹೆಚ್ಚಾಗಿ ಮೇಫ್ಲೈ, ಇವೂ ಹಾರುಕೀಟಗಳ ಮರಿಗಳೇ. ಬದಿಗೆ ಮಲಗಿ ಜರ್ರನೆ ಈಜುವುದು ಗ್ಯಾಮರಸ್ ಎಂಬ ಸಿಗಡಿ.

ಎಣಿಸುವುದು ಎಂಟು ಗುಂಪುಗಳನ್ನು: ಕೊಳವೆ ಇರುವ ಕ್ಯಾಡಿಸ್, ಕೊಳವೆ ಇಲ್ಲದ ಕ್ಯಾಡಿಸ್, ಮೇಫ್ಲೈಗಳಲ್ಲಿ ನಾಲ್ಕು ಬಗೆ, ಸ್ಟೋನ್‌ಫ್ಲೈ ಮತ್ತು ಗ್ಯಾಮರಸ್. ಪ್ರತಿ ಗುಂಪಿಗೆ 1ರಿಂದ 9 ಇದ್ದರೆ ಒಂದು ಅಂಕ, 10ರಿಂದ 99ಕ್ಕೆ ಎರಡು, 100ರಿಂದ 999ಕ್ಕೆ ಮೂರು, ಅದಕ್ಕೂ ಮೇಲೆ ನಾಲ್ಕು. ಆ ಜಾಗಕ್ಕೆ ಇಷ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಗೆರೆಯನ್ನು ಇಲಾಖೆಯವರೊಂದಿಗೆ ಕೂತು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಂಕ ಇಳಿದರೆ ಸ್ವಲ್ಪ ಪಕ್ಕದಲ್ಲಿ ಕೂಡಲೇ ಇನ್ನೊಮ್ಮೆ ಎಣಿಸಿ, ಆಗಲೂ ಕಡಿಮೆಯಾದರೆ ಅದೇ ದಿನ ಫೋನ್ ಮಾಡಿ.

ಯಾವುದು ಕಾಣೆಯಾಗಿದೆ ಎಂಬುದೂ ಮಾತಾಡುತ್ತದೆ. ಕೊಳಚೆ ಸೇರಿದರೆ ಮೊದಲು ಹೋಗುವುದು ಸ್ಟೋನ್‌ಫ್ಲೈ, ಕೆಂಪು ಹುಳು ಹೆಚ್ಚುತ್ತದೆ. ಕೀಟನಾಶಕವಾದರೆ ಕೀಟ, ಸಿಗಡಿ ಎರಡೂ ಒಟ್ಟಿಗೆ ಹೋಗಿ ಬಸವನಹುಳು ಮಾತ್ರ ಆರಾಮವಾಗಿರುತ್ತದೆ.

ಮಕ್ಕಳು ದಡದಲ್ಲಿ ಟ್ರೇ ಮುಂದಿರಲಿ, ನೀರಿಗೆ ಇಳಿಯುವುದು ದೊಡ್ಡವರು. ಕೈಕಾಲಿನ ಗಾಯಕ್ಕೆ ನೀರು ತಾಗದ ಪಟ್ಟಿ ಹಾಕಿರಬೇಕು, ಎಲ್ಲ ಮುಗಿದ ಮೇಲೆ ಸೋಪು ಹಚ್ಚಿ ಕೈತೊಳೆಯಬೇಕು. ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ.

ಪ್ರಶ್ನೆ: ಕ್ಲಬ್ಬಿನ ಬೇಸಿಗೆ ಸ್ಪರ್ಧೆಯಲ್ಲಿ ಹಿಡಿದ ಮೀನನ್ನೆಲ್ಲ ಜೀವಂತ ಬಿಡುತ್ತೇವೆ. ಆದರೂ ಸ್ಪರ್ಧೆ ಬೇಡ ಎಂದು ಕೆಲವು ಸದಸ್ಯರ ಹಟ. ಯಾರ ಮಾತು ಸರಿ?

ಥರ್ಮಾಮೀಟರಿನ ಮಾತು. ನೀರು 10 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 11.3 ಮಿ.ಗ್ರಾಂ ಆಮ್ಲಜನಕ ಹಿಡಿಯಬಲ್ಲದು, 20 ಡಿಗ್ರಿಗೆ 9.1 ಮಾತ್ರ. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಏರಿರುತ್ತದೆ. 20 ಡಿಗ್ರಿ ಮುಟ್ಟಿದರೆ ಗಾಳ ಸುತ್ತಿಡಿ. ಅಳೆಯಬೇಕಾದ್ದು ಬೆಳಗ್ಗೆಯಲ್ಲ, ಸಂಜೆ ನಾಲ್ಕರ ಸುಮಾರಿಗೆ, ನೀರು ಅತಿ ಬಿಸಿಯಾಗುವುದು ಆಗ.

‘ಜೀವಂತ ಬಿಟ್ಟೆವು’ ಎಂಬುದು ಮೀನು ಕಣ್ಮರೆಯಾಗುವ ತನಕದ ಸತ್ಯ. ಕೆನಡಾದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಡಿಸಿ ದಣಿಸಿದ ರೇನ್‌ಬೋ ಟ್ರೌಟ್‌ಗಳಲ್ಲಿ ಶೇ. 12 ಸತ್ತವು. ದಣಿಸಿ 30 ಸೆಕೆಂಡ್ ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ. 38, ಒಂದು ನಿಮಿಷ ಹಿಡಿದವುಗಳಲ್ಲಿ ಶೇ. 72. ಪ್ರಯೋಗಾಲಯದ ಮೀನಿನ ಲೆಕ್ಕವನ್ನು ಹೊಳೆಗೆ ಹಾಗೇ ತರಲಾಗದು, ಆದರೆ ಅಳತೆಪಟ್ಟಿ, ಫೋಟೋ, ಇನ್ನೊಂದು ಫೋಟೋ ಎನ್ನುವಷ್ಟರಲ್ಲಿ ಒಂದು ನಿಮಿಷ ಕಳೆದೇ ಹೋಗುತ್ತದೆ.

ಸ್ಪರ್ಧೆಯನ್ನು ತಂಪು ತಿಂಗಳಿಗೆ ಒಯ್ಯಿರಿ. ಹಿಮ್ಮುಳ್ಳು ಇಲ್ಲದ ಗಾಳ, ಗಂಟಿಲ್ಲದ ರಬ್ಬರ್ ಬಲೆ, ಒದ್ದೆ ಕೈ. ಅಳತೆಯನ್ನು ಬಲೆಯ ಹಿಡಿಯ ಮೇಲೇ ಗುರುತು ಹಾಕಿಟ್ಟರೆ ಮೀನನ್ನು ನೀರಿನಿಂದ ಎತ್ತುವ ಪ್ರಸಂಗವೇ ಬರುವುದಿಲ್ಲ. ಬಿಡುವಾಗ ತಲೆ ಸೆಳವಿಗೆ ಎದುರಾಗಿರಲಿ. ಹಿಂದೆಮುಂದೆ ಆಡಿಸಬೇಡಿ, ಹಿಂದಕ್ಕೆಳೆದಾಗ ಕಿವಿರಿಗೆ ನೀರು ತಪ್ಪಾದ ದಿಕ್ಕಿನಿಂದ ನುಗ್ಗುತ್ತದೆ.

ಪ್ರಶ್ನೆ: ತರಗತಿಯಲ್ಲಿ ತೊಟ್ಟಿಯಿಟ್ಟು ಟ್ರೌಟ್ ಮೊಟ್ಟೆ ಮರಿ ಮಾಡಿಸಿದೆವು. ಮರಿಗಳೆಲ್ಲ ಚೆನ್ನಾಗಿದ್ದವು, ನೀರೂ ತಣ್ಣಗೇ ಇತ್ತು, ಆದರೆ ಆಹಾರ ಹಾಕಲು ಶುರುಮಾಡಿದ ವಾರದಲ್ಲೇ ಸತ್ತವು. ಕಾರಣ? (ಒಬ್ಬ ಶಿಕ್ಷಕಿ)

ನೀರು ತಣ್ಣಗೇ ಇತ್ತು ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಅನುಮಾನ ಅಮೋನಿಯಾದ ಮೇಲೆ. ಮೊಟ್ಟೆ ಮತ್ತು ಚೀಲವಿರುವ ಮರಿ ನೀರನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆಹಾರ ಬಿದ್ದ ದಿನದಿಂದ ಹಿಕ್ಕೆ, ತಿನ್ನದೆ ಉಳಿದ ಕಾಳು ಎರಡೂ ಕೊಳೆತು ಅಮೋನಿಯಾ ಏರುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ವಾರಗಳೇ ಬೇಕು, ತಣ್ಣೀರಿನಲ್ಲಿ ಇನ್ನೂ ನಿಧಾನ. ಮುಂದಿನ ಸಲ ಮೊಟ್ಟೆ ಬರುವುದಕ್ಕೆ ಆರು ವಾರ ಮುಂಚೆಯೇ ತೊಟ್ಟಿಗೆ ನೀರು ತುಂಬಿ ಫಿಲ್ಟರ್ ಓಡಿಸಿ. ಆಹಾರ ದಿನಕ್ಕೆ ಹಲವು ಸಲ, ಪ್ರತಿ ಸಲ ಚಿಟಿಕೆಯಷ್ಟು. ತಳದ ಕಾಳನ್ನು ಆಗಿಂದಾಗ್ಗೆ ಹೀರಿ ತೆಗೆಯಿರಿ. ಅಮೋನಿಯಾ, ನೈಟ್ರೈಟ್ ಪರೀಕ್ಷೆ ದಿನಕ್ಕೊಮ್ಮೆ, ಏರಿದರೆ ತೊಟ್ಟಿಯ ಕಾಲುಭಾಗ ನೀರು ಬದಲಿಸಿ. ಹೊಸ ನೀರು ಕ್ಲೋರಿನ್ ತೆಗೆದದ್ದಾಗಿರಬೇಕು, ತೊಟ್ಟಿಯಷ್ಟೇ ತಣ್ಣಗಿರಬೇಕು. ಮೊಟ್ಟೆಯ ಹಂತದಲ್ಲಿ ಬೆಳ್ಳಗಾದವನ್ನು ದಿನವೂ ಹೆಕ್ಕಿ ತೆಗೆಯಲು ಮರೆಯಬೇಡಿ, ಒಂದು ಸತ್ತ ಮೊಟ್ಟೆಯ ಬೂಷ್ಟು ಸುತ್ತಲಿನ ಜೀವಂತ ಮೊಟ್ಟೆಗಳಿಗೂ ಹಬ್ಬುತ್ತದೆ.

ಪ್ರಶ್ನೆ: ಬೇರೆ ಹೊಳೆಯಿಂದ ಬಂದ ಅತಿಥಿಗಳು ವೇಡರ್ (ನೀರಿಗಿಳಿಯಲು ತೊಡುವ ಉದ್ದನೆಯ ಬೂಟು-ಉಡುಪು) ತೊಳೆದುಕೊಂಡೇ ಇಳಿಯಬೇಕೆಂಬ ನಿಯಮ ಅತಿಯಾಯಿತೇ?

ಆಗಲಿಲ್ಲ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೋ ಪಾಚಿ ಕಂಡಿತು, ಕಲ್ಲುಹಾಸನ್ನೇ ಕಂಬಳಿಯಂತೆ ಹೊದಿಸುವಂಥದ್ದು. ಕಣ್ಣಿಗೆ ಕಾಣದ ಒಂದು ಕೋಶ ಒದ್ದೆ ಬೂಟಿನಲ್ಲಿ ಸವಾರಿ ಮಾಡಿದರೆ ಸಾಕು. ಫೆಲ್ಟ್ ಅಡಿಯ (ಒತ್ತಿದ ದಪ್ಪ ಬಟ್ಟೆಯ ಅಟ್ಟೆಯ) ಬೂಟು ಬೇಗ ಒಣಗುವುದಿಲ್ಲವಾದ್ದರಿಂದ 2008ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ಪಾತ್ರೆ ತೊಳೆಯುವ ದ್ರವವನ್ನು ಶೇ. 5ರಷ್ಟು ಬೆರೆಸಿದ ನೀರಿನಲ್ಲಿ (ಹತ್ತು ಲೀಟರ್ ಬಕೆಟ್ಟಿಗೆ ಅರ್ಧ ಲೀಟರ್) ಒಂದು ನಿಮಿಷ ಪೂರ್ತಿ ನೆನೆಯಬೇಕು, ದಪ್ಪ ಬಟ್ಟೆಯಾದರೆ ಒಳತನಕ ಒದ್ದೆಯಾಗುವವರೆಗೆ. ಒಣಗಿಸುವುದಾದರೆ ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೆ ಇನ್ನೂ 48 ಗಂಟೆ. ಬಕೆಟ್ ನೀರನ್ನು ಹೊಳೆಗೇ ಚೆಲ್ಲುವವರಿದ್ದಾರೆ. ಹುಲ್ಲಿನ ಮೇಲೆ, ನೀರಿನಿಂದ ದೂರ ಚೆಲ್ಲಿ.

ಪ್ರಶ್ನೆ: ಹೊಳೆ ಸ್ವಚ್ಛತೆಯ ದಿನ ನೀರಿಗೆ ಬಿದ್ದ ಮರಗಳನ್ನೂ ಎಳೆದು ಹಾಕಬೇಕೇ?

ಪ್ಲಾಸ್ಟಿಕ್, ತಂತಿ, ಟಯರು ಎಳೆಯಿರಿ. ಮರ ಬಿಡಿ, ಅದು ಮರಿಗಳ ಮನೆ. ಸೇತುವೆಯ ಕಣ್ಣಿಗೆ ಸಿಕ್ಕಿಕೊಂಡಿದ್ದರೆ ಮಾತ್ರ ಸೇತುವೆಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ರಸ್ತೆಯಡಿಯ ಪೈಪು ಮೋರಿಯ ಕೆಳಗೆ ಮೊಟ್ಟೆಗಾಲದಲ್ಲಿ ಟ್ರೌಟ್ ಗುಂಪುಗೂಡುತ್ತವೆ, ಮೇಲೆ ಹೋಗುವುದಿಲ್ಲ. ಕ್ಲಬ್ಬಿನಿಂದ ಏನು ಮಾಡಬಹುದು?

ಮೋರಿಯ ಬಾಯಿ ನೀರಿಗಿಂತ ಎಷ್ಟು ಎತ್ತರದಲ್ಲಿದೆ, ಕೆಳಗಿನ ಮಡು ಎಷ್ಟು ಆಳ, ಪೈಪಿನೊಳಗೆ ನೀರು ಎಷ್ಟು ದಪ್ಪ, ಎಷ್ಟು ವೇಗ, ಈ ನಾಲ್ಕನ್ನು ಮೊಟ್ಟೆಗಾಲದ ನೀರಿನಲ್ಲೇ ಅಳೆದು, ಫೋಟೋ ಸಮೇತ ರಸ್ತೆಯ ಇಲಾಖೆಗೆ ಕೊಡಿ. ಮೀನಿಗೆ ಹಾರಲು ಓಟದ ಜಾಗ ಬೇಕು: ಮಡುವಿನ ಆಳ ಹಾರಬೇಕಾದ ಎತ್ತರದ ಒಂದೂಕಾಲು ಪಟ್ಟಾದರೂ ಇರಬೇಕು. ಹಾರಿ ಒಳಹೋದರೂ ಬೆನ್ನು ಮುಳುಗದಷ್ಟು ತೆಳುನೀರು ನಯವಾದ ಪೈಪಿನಲ್ಲಿ ರಭಸವಾಗಿ ಬರುತ್ತಿದ್ದರೆ ನಡುವೆಯೇ ಸೋತು ಹಿಂದೆ ಬರುತ್ತದೆ.

ಅಗ್ಗದ ದಾರಿ, ಮೋರಿಯ ಕೆಳಗೆ ದೊಡ್ಡ ಕಲ್ಲುಗಳ ತಗ್ಗಾದ ಅಡ್ಡಸಾಲು ಹಾಕಿ, ಮಡುವಿನ ನೀರು ಪೈಪಿನೊಳಕ್ಕೇ ಹಿಮ್ಮೆಟ್ಟುವಂತೆ ಏರಿಸುವುದು. ಎತ್ತರ ಹೆಚ್ಚಿದ್ದರೆ ಒಂದರ ಕೆಳಗೊಂದು ಎರಡು ಮೂರು ಸಾಲು. ಪೈಪಿನೊಳಗೆ ಅಡ್ಡತಡೆ ಕೂರಿಸುವುದು ಎರಡನೆಯದು, ಅದಕ್ಕೆ ಕಸ ಸಿಕ್ಕಿಕೊಳ್ಳುವುದರಿಂದ ಪ್ರತಿ ಮಳೆಯ ನಂತರ ತೆಗೆಯುವವರು ಬೇಕು. ಎರಡಕ್ಕೂ ಎಂಜಿನಿಯರ್ ಸಹಿ ಇಲ್ಲದೆ ಕೈಹಾಕಬೇಡಿ, ನೆರೆಯಲ್ಲಿ ರಸ್ತೆ ಕೊಚ್ಚಿದರೆ ಹೊಣೆ ನಿಮ್ಮ ತಲೆಗೆ. ನಿಜವಾದ ಪರಿಹಾರ, ಆ ಮೋರಿ ಹಳತಾಗಿ ಬದಲಿಸುವ ಸರದಿ ಬಂದಾಗ ಹೊಳೆಯಷ್ಟೇ ಅಗಲದ, ತಳ ನೆಲದೊಳಗೆ ಹುಗಿದ, ಒಳಗೆ ಹೊಳೆಗಲ್ಲೇ ಹಾಸಿದ ಮೋರಿ ಹಾಕಿಸುವುದು. ನಿಮ್ಮ ನಾಲ್ಕು ಅಳತೆಗಳ ಕಾಗದ ಆ ಕಡತದಲ್ಲಿ ಈಗಲೇ ಸೇರಿರಲಿ.